ಮರೆತುಬಿಡು ಎನ್ನುವ ಉಪದೇಶದ ವಿರುದ್ಧ

ಧನಕವಡಿಯ ನಮ್ಮ ಕನ್ನಡ ಪ್ರಾರ್ಥನಾ ಕೂಟಗಳಲ್ಲಿ ಒಂದು ಮಾತು ಎಲ್ಲರ ನಾಲಿಗೆಯ ತುದಿಯಲ್ಲೂ ಇರುತ್ತದೆ. ಗಂಡನ ಮನೆಯವರು ಹೊರಗೆ ಹಾಕಿದ ಹೆಂಗಸು ಎದ್ದು ನಿಂತು ಅತ್ತರೂ ಅದೇ ಮಾತು. ಅಡ್ಡಹೆಸರು ಕೇಳಿದ ಮೇಲೆ ಬಾಡಿಗೆಗೆ ಮನೆ ಇಲ್ಲ ಅನ್ನಿಸಿಕೊಂಡು ಬಂದವನಿಗೂ ಅದೇ. ನಿಶ್ಚಯವಾದ ಮದುವೆ ಮುರಿದುಬಿದ್ದ ಹುಡುಗಿಗೂ ಅದೇ. “ಮನುಷ್ಯಾರು ಕೈಬಿಟ್ರ ಏನಾತು ತಂಗಿ, ಕರ್ತ ಕೈಬಿಡಂಗಿಲ್ಲ. ಕ್ಷಮಾ ಮಾಡಿ ಮರ್ತುಬಿಡು. ಪ್ರಾರ್ಥನಾ ಮಾಡು.” ಹೇಳುವವರ ಮನಸ್ಸು ಒಳ್ಳೆಯದು, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಈ ಮಾತಿನಲ್ಲಿ ಎರಡು ಭಾಗಗಳಿವೆ. ದೇವರು ಕೈಬಿಡುವುದಿಲ್ಲ ಎಂಬುದು ನಂಬಿಕೆಯ ಮಾತು. ಅದನ್ನು ನಾನೂ ನಂಬುತ್ತೇನೆ. ಆದ್ದರಿಂದ ಮರೆತುಬಿಡು ಎಂಬುದು ಅದಕ್ಕೆ ನಾವು ಹಚ್ಚಿಕೊಂಡ ಬಾಲ. ಮೊದಲನೆಯದರಿಂದ ಎರಡನೆಯದು ಹುಟ್ಟುವುದಿಲ್ಲ. ತಿರಸ್ಕಾರಕ್ಕೆ ಒಳಗಾದವರಿಗೆ ಈ ಬಾಲದಿಂದ ಆಗಿರುವ ಕೇಡು ಸಣ್ಣದಲ್ಲ ಎಂಬುದೇ ಈ ಬರಹದ ತಕರಾರು.

ಸ್ವಾರಗೇಟಿನಿಂದ ಕಾತ್ರಜ್ ಕಡೆಗೆ ಹೋಗುವ ಸಾತಾರಾ ರಸ್ತೆಯ ಪಕ್ಕದ ಈ ಧನಕವಡಿಯಲ್ಲಿ ಶಂಕರ ಮಹಾರಾಜರ ಮಠವಿದೆ, ಹತ್ತಿರದಲ್ಲೇ ಭಾರತಿ ವಿದ್ಯಾಪೀಠವಿದೆ. ಮಠಕ್ಕೆ ಬರುವವರು, ಓದಲು ಬರುವವರು, ಕೆಲಸ ಹುಡುಕಿ ಬರುವವರು ಎಲ್ಲರೂ ಇಲ್ಲಿನ ಗಲ್ಲಿಗಳಲ್ಲೇ ಖೋಲಿ ಹಿಡಿಯುತ್ತಾರೆ. ಕಲಬುರಗಿ, ಬೀದರ್, ವಿಜಯಪುರ, ಅಕ್ಕಲಕೋಟೆ ಕಡೆಯಿಂದ ಬಂದ ನಮ್ಮವರೂ ಹಾಗೆಯೇ ಬಂದವರು. ಊರಲ್ಲಿ ಮೆಥಡಿಸ್ಟ್ ಸಭೆಗೆ ಹೋಗುತ್ತಿದ್ದವರು ಇಲ್ಲಿ ಯಾರದೋ ಮನೆಯ ನಡುಮನೆಯಲ್ಲಿ ಚಾಪೆ ಹಾಸಿ ಕೂಡುತ್ತಾರೆ. ತಿರಸ್ಕಾರದ ಅನುಭವವಿಲ್ಲದ ಮನೆ ನಮ್ಮವರಲ್ಲಿ ಕಡಿಮೆ. ಬಂದವರಿಗೆ ಕೊಡಲು ನಮ್ಮಲ್ಲಿರುವುದು ಮೇಲೆ ಹೇಳಿದ ಮಾತು ಮತ್ತು ಒಂದು ಕಪ್ ಚಹಾ.

ವಿಚಿತ್ರವೆಂದರೆ ಧರ್ಮವನ್ನು ಒಪ್ಪದವರೂ ಈ ಮಾತನ್ನು ಒಳಗೊಳಗೇ ಒಪ್ಪುತ್ತಾರೆ. ನೊಂದವರು, ಯಾರಿಗೂ ಬೇಡವಾದವರು ಕ್ರಿಸ್ತನ ಕಡೆಗೆ ಹೋಗುವುದು ನೋವು ಮರೆಯಲಿಕ್ಕೆ ಎಂದು ಅವರೂ ಹೇಳುತ್ತಾರೆ. ಸಭೆಯವರು ಇದನ್ನು ಹೊಗಳಿಕೆಯಾಗಿ, ಹೊರಗಿನವರು ತೆಗಳಿಕೆಯಾಗಿ ಆಡುತ್ತಾರೆ. ನಂಬಿಕೆಯ ಕೆಲಸ ನೋವನ್ನು ಮಂಕಾಗಿಸುವುದು ಎಂಬ ಎಣಿಕೆ ಮಾತ್ರ ಇಬ್ಬರದೂ ಒಂದೇ. ಈ ಎಣಿಕೆ ತಪ್ಪು ಎನ್ನುವುದಕ್ಕೆ ಬಹಳ ದೂರ ಹೋಗಬೇಕಿಲ್ಲ. ಪುಣೆಯಿಂದ ಸೊಲ್ಲಾಪುರ, ಕಲಬುರಗಿ ಕಡೆಗೆ ಹೋಗುವ ರೈಲು ಅರವತ್ತು ಕಿಲೋಮೀಟರಿನಷ್ಟು ಓಡಿದರೆ ಕೇಡಗಾಂವ್ ನಿಲ್ದಾಣ ಸಿಗುತ್ತದೆ. ಊರಿಗೆ ಹೋಗುವಾಗಲೆಲ್ಲ ನಮ್ಮ ಜನ ದಾಟಿಹೋಗುವ ನಿಲ್ದಾಣ ಅದು. ಪಂಡಿತಾ ರಮಾಬಾಯಿಯವರ ಮುಕ್ತಿ ಸದನ ಇರುವುದು ಅಲ್ಲಿ.

ರಮಾಬಾಯಿ ಹುಟ್ಟಿದ್ದು 1858ರಲ್ಲಿ, ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಕಡೆಯ ಮಾಳದವರು, ದೊಡ್ಡ ಸಂಸ್ಕೃತ ವಿದ್ವಾಂಸರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದೇ ಅವರ ಅಪರಾಧವಾಯಿತು. ಪಂಡಿತರು ಕೇಳಿದ ಪ್ರಶ್ನೆಗಳಿಗೆ ಶಾಸ್ತ್ರದ ಆಧಾರದಿಂದಲೇ ಉತ್ತರ ಕೊಟ್ಟು, ಕಾಡು ಸೇರಿ ಮನೆ ಕಟ್ಟಿದರು. ಅಲ್ಲಿಂದ ಮುಂದೆ ಈ ಕುಟುಂಬ ತೀರ್ಥದಿಂದ ತೀರ್ಥಕ್ಕೆ ಪುರಾಣ ಹೇಳುತ್ತಾ ಅಲೆಯಿತು. 1870ರ ದಶಕದ ಬರದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಉಳಿದವರು ರಮಾಬಾಯಿ ಮತ್ತು ಅಣ್ಣ ಶ್ರೀನಿವಾಸ. 1878ರಲ್ಲಿ ಕಲ್ಕತ್ತೆಗೆ ಹೋದಾಗ ಅಲ್ಲಿನ ವಿದ್ವಾಂಸರು ಇಪ್ಪತ್ತರ ಹುಡುಗಿಗೆ ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು. 1880ರಲ್ಲಿ ಅಣ್ಣ ತೀರಿಕೊಂಡ. ಅದೇ ವರ್ಷ ಬೇರೆ ಜಾತಿಯ ಬಂಗಾಳಿ ವಕೀಲ ಬಿಪಿನ್ ಬಿಹಾರಿ ದಾಸರನ್ನು ಮದುವೆಯಾದರು. ಅವರೂ 1882ರ ಮೊದಲಿಗೇ ಹೋದರು. ಕೈಯಲ್ಲಿ ಮಗಳು ಮನೋರಮೆ. ಆ ವರ್ಷವೇ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದರು.

ಇಷ್ಟರವರೆಗಿನ ಕಥೆ ನಮ್ಮ ಬೋಧಕರಿಗೂ ಗೊತ್ತು, ಹೇಳುತ್ತಾರೆ. ಅದರ ಮುಂದಿನ ಭಾಗವನ್ನು ಹೇಳುವ ರೀತಿಯಲ್ಲಿ ನನಗೆ ಜಗಳವಿದೆ. ಅವರು ಹೇಳುವುದು ಹೀಗೆ: ಎಲ್ಲರೂ ಕೈಬಿಟ್ಟ ವಿಧವೆಗೆ ಕ್ರಿಸ್ತನಲ್ಲಿ ಆಶ್ರಯ ಸಿಕ್ಕಿತು, ಹೊಸ ಕುಟುಂಬ ಸಿಕ್ಕಿತು, ಹಳೆಯ ನೋವೆಲ್ಲ ಕಳೆಯಿತು. ಹಾಗೆ ಆಗಲಿಲ್ಲ. ಹೊಸ ಮನೆಯ ಬಾಗಿಲಲ್ಲೂ ಅವರಿಗೆ ತಿರಸ್ಕಾರವೇ ಕಾದಿತ್ತು.

1883ರಲ್ಲಿ ಅವರು ಇಂಗ್ಲೆಂಡಿಗೆ ಹೋದದ್ದು ವೈದ್ಯೆಯಾಗಬೇಕೆಂದು. ಕಿವಿ ಮಂದವಾಗುತ್ತಿದ್ದುದರಿಂದ ಆ ದಾರಿ ಮುಚ್ಚಿತು. ಅದೇ ಸೆಪ್ಟೆಂಬರಿನಲ್ಲಿ ವಾಂಟೇಜ್ ಎಂಬಲ್ಲಿ ತಾಯಿ ಮಗಳು ದೀಕ್ಷಾಸ್ನಾನ ಪಡೆದರು. ಆಮೇಲೆ ಚೆಲ್ಟೆನ್‌ಹ್ಯಾಮ್ ಮಹಿಳಾ ಕಾಲೇಜಿನಲ್ಲಿದ್ದಾಗ ಅವರು ಯುವಕರಿಗೆ ಪಾಠ ಹೇಳುವ ಮಾತು ಬಂತು. ಭಾರತದಲ್ಲಿದ್ದ ಆಂಗ್ಲಿಕನ್ ಬಿಷಪ್ಪರು ಹೆಂಗಸು ಗಂಡಸರಿಗೆ ಕಲಿಸುವುದು ಸರಿಯಲ್ಲವೆಂದು ಅಡ್ಡ ಹಾಕಿದರು. ಕಲ್ಕತ್ತೆಯ ಪಂಡಿತರ ಸಭೆಯಲ್ಲಿ ಮಾತಾಡಿದವಳಿಗೆ ಇಂಗ್ಲೆಂಡಿನ ಸಭೆ ಬಾಯಿ ಮುಚ್ಚು ಎಂದಿತು! ವಾಂಟೇಜಿನ ಸಿಸ್ಟರ್ ಜೆರಾಲ್ಡೀನ್ ಅವರ ಜೊತೆ ನಡೆದ ಪತ್ರವ್ಯವಹಾರ 1977ರಲ್ಲಿ ಪುಸ್ತಕವಾಗಿ ಬಂದಿದೆ. ತ್ರಿತ್ವದ ಬಗ್ಗೆ, ಸಭೆಯ ಅಧಿಕಾರದ ಬಗ್ಗೆ, ಪವಾಡಗಳ ಬಗ್ಗೆ ರಮಾಬಾಯಿ ಅದರಲ್ಲಿ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತಾರೆ. ಒಂದು ಕಡೆಯ ಪುರೋಹಿತರ ನೊಗವನ್ನು ಕಷ್ಟಪಟ್ಟು ಇಳಿಸಿ ಬಂದವಳು ಇನ್ನೊಂದು ಕಡೆಯವರ ನೊಗಕ್ಕೆ ಕೊರಳು ಕೊಡುವುದಿಲ್ಲ ಎಂಬ ಅರ್ಥದ ಮಾತು ಅಲ್ಲಿದೆ. ಅಹಂಕಾರಿ, ಅವಿಧೇಯಳು ಎಂದು ಕರೆಸಿಕೊಂಡರೂ ಅವರು ಪ್ರಶ್ನೆ ನಿಲ್ಲಿಸಲಿಲ್ಲ, ನಂಬಿಕೆಯನ್ನೂ ಬಿಡಲಿಲ್ಲ.

ಇತ್ತ ಪುಣೆ. ಆ ಕಾಲದ ಪುಣೆಯಲ್ಲಿ ತಿರಸ್ಕಾರ ಎಂಬುದು ಮನಸ್ಸಿನ ಬೇಸರದ ಮಾತಾಗಿರಲಿಲ್ಲ, ವಿಧಿವಿಧಾನವಿದ್ದ ಬಹಿಷ್ಕಾರವಾಗಿತ್ತು. 1890ರ ಅಕ್ಟೋಬರಿನಲ್ಲಿ ಪಂಚಹೌದ ಮಿಷನ್ನಿನಲ್ಲಿ ಮಿಷನರಿಗಳು ಚಹಾಕ್ಕೆ ಕರೆದರು. ಹೋದವರಲ್ಲಿ ತಿಲಕರೂ ರಾನಡೆಯವರೂ ಇದ್ದರು. ಕ್ರೈಸ್ತರ ಚಹಾಕ್ಕೆ ಹೋಗಿ ಜಾತಿ ಕೆಡಿಸಿಕೊಂಡರೆಂದು ಹೆಸರುಗಳು ಬಯಲಾದ ಮೇಲೆ ಊರು ಹೊತ್ತಿ ಉರಿಯಿತು, ಪ್ರಕರಣ ಶಂಕರಾಚಾರ್ಯರ ತನಕ ಹೋಯಿತು. ಹೈಕೋರ್ಟ್ ನ್ಯಾಯಾಧೀಶರಾಗುವಷ್ಟು ದೊಡ್ಡವರಾದ ರಾನಡೆಯವರೇ ಕೊನೆಗೆ ಪ್ರಾಯಶ್ಚಿತ್ತ ಮಾಡಿಕೊಂಡರು. ಅವರನ್ನು ಹಳಿಯಲು ಇದನ್ನು ಹೇಳುತ್ತಿಲ್ಲ. ಸ್ನೇಹಿತರ, ಕುಟುಂಬದ ಕಷ್ಟ ನೋಡಿ ಮಣಿದರು. ಒಂದು ಬಟ್ಟಲು ಚಹಾದ ತಿರಸ್ಕಾರವನ್ನು ಅಂಥವರೂ ತಡೆದುಕೊಳ್ಳಲಾರದೆ ಹೋದರು ಎಂಬುದನ್ನು ನೆನಪಿಟ್ಟುಕೊಂಡರೆ ಮುಂದಿನದರ ತೂಕ ತಿಳಿಯುತ್ತದೆ.

ಭಾರತಕ್ಕೆ ಮರಳಿದ ರಮಾಬಾಯಿ 1889ರ ಮಾರ್ಚಿನಲ್ಲಿ ಮುಂಬಯಿಯಲ್ಲಿ ಶುರುಮಾಡಿದ ಶಾರದಾ ಸದನವನ್ನು ಮರುವರ್ಷ ಪುಣೆಗೆ ತಂದಿದ್ದರು. ಬಾಲವಿಧವೆಯರ ಶಾಲೆ, ವಸತಿ. ಸಮಾಜ ಸುಧಾರಕ ಧೋಂಡೋ ಕೇಶವ ಕರ್ವೆಯವರನ್ನು 1893ರಲ್ಲಿ ಮದುವೆಯಾದ ಗೋದೂಬಾಯಿ ಇಲ್ಲಿಯೇ ಕಲಿತವರು. ಧರ್ಮದ ವಿಷಯದಲ್ಲಿ ತಲೆಹಾಕುವುದಿಲ್ಲ ಎಂಬುದು ಸದನದ ಕರಾರು. ಆದರೆ ರಮಾಬಾಯಿ ತಮ್ಮ ಪ್ರಾರ್ಥನೆಯನ್ನು ಬಾಗಿಲು ತೆರೆದೇ ಮಾಡುತ್ತಿದ್ದರು, ಹುಡುಗಿಯರು ಬಂದು ಕೂರುತ್ತಿದ್ದರು. ‘ಕೇಸರಿ’ ಪತ್ರಿಕೆ ಹರಿಹಾಯಿತು. 1893ರಲ್ಲಿ ರಾನಡೆ, ಭಾಂಡಾರಕರ್ ಮೊದಲಾದ ಸದನದ ಸಲಹೆಗಾರರು ಬಹಿರಂಗವಾಗಿ ಹೊರಬಂದರು. ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರನ್ನು ಪಾಲಕರು ಬಿಡಿಸಿಕೊಂಡು ಹೋದರು.

ಇಲ್ಲಿ ನಾನು ರಮಾಬಾಯಿಯವರ ಪರವಾಗಿ ಎಲ್ಲವನ್ನೂ ವಾದಿಸಲಾರೆ. ಮಾತು ನಂಬಿ ಮಗಳನ್ನು ಬಿಟ್ಟುಹೋದ ತಂದೆಗೆ ಸಿಟ್ಟು ಬರುವುದು ಸಹಜ. ತೆರೆದ ಬಾಗಿಲು ಕೂಡ ಒಂದು ಕರೆಯೇ. ಆದರೆ ಆ ಸಿಟ್ಟು ಹುಡುಗಿಯರನ್ನು ಎಲ್ಲಿಗೆ ಕರೆದೊಯ್ಯಿತು ಎಂದೂ ಕೇಳಬೇಕು. ತಲೆ ಬೋಳಿಸಿ ಮೂಲೆಗೆ ಕೂರಿಸುವ ಮನೆಗಳಿಗೇ ಎಷ್ಟೋ ಮಂದಿ ಮರಳಿದರು. ಹೊರಗಿನವರಲ್ಲಿ ರಮಾಬಾಯಿಯವರ ಮತಾಂತರವನ್ನು ಅರ್ಥಮಾಡಿಕೊಂಡು ಬರೆದವರು ಜೋತಿಬಾ ಫುಲೆ. 1885ರ ‘ಸತ್ಸಾರ’ದಲ್ಲಿ ಅವರು ಆಕೆಯ ಬೆನ್ನಿಗೆ ನಿಂತಿದ್ದರು. ಬಹಿಷ್ಕಾರ ಅನುಭವಿಸಿದವನಿಗೇ ಅದು ಕಂಡಿತು.

ಈಗ ನಮ್ಮ ಕೂಟದ ಉಪದೇಶವನ್ನು 1893ರ ರಮಾಬಾಯಿಯವರಿಗೆ ಕೊಟ್ಟು ನೋಡಿ. ಕ್ಷಮಿಸು, ಮರೆತುಬಿಡು, ಮೂಲೆಯಲ್ಲಿ ಕೂತು ಪ್ರಾರ್ಥಿಸು. ಅವರು ಪ್ರಾರ್ಥಿಸಿದರು, ನಿಜ. ಆಮೇಲೆ ಕೇಡಗಾಂವಿನಲ್ಲಿ ನೂರು ಎಕರೆ ಬರಡು ನೆಲ ಕೊಂಡರು. 1896ರ ಬರದಲ್ಲಿ ಮಧ್ಯಪ್ರಾಂತದ ಹಳ್ಳಿಗಳಿಗೆ ತಾವೇ ಹೋಗಿ ಹಸಿದ ಹೆಣ್ಣುಮಕ್ಕಳನ್ನು ಕರೆತಂದರು. 1897ರಲ್ಲಿ ಪ್ಲೇಗ್ ಆಸ್ಪತ್ರೆಯಲ್ಲಿ ಹೆಣ್ಣುಮಕ್ಕಳ ಗತಿ ಏನಾಗುತ್ತಿದೆ ಎಂದು ಪತ್ರಿಕೆಗೆ ಬರೆದು ಸರ್ಕಾರವನ್ನೇ ತರಾಟೆಗೆ ತೆಗೆದುಕೊಂಡರು. ಆಳುವವರು ತಮ್ಮದೇ ಧರ್ಮದವರು ಎಂದು ಸುಮ್ಮನಾಗಲಿಲ್ಲ. 1900ರ ಹೊತ್ತಿಗೆ ಮುಕ್ತಿಯಲ್ಲಿ ಸುಮಾರು ಎರಡು ಸಾವಿರ ಜನ. ಅವರಲ್ಲಿ ಕೆಟ್ಟವಳು ಎಂದು ಊರು ಉಗಿದು ಬಿಟ್ಟವರಿಗೆ ಕೃಪಾ ಸದನ, ಕಣ್ಣಿಲ್ಲದವರಿಗೆ ಬೇರೆ ಸದನ. ಅಚ್ಚುಮೊಳೆ ಜೋಡಿಸುವುದು, ನೇಯುವುದು, ಎಣ್ಣೆ ತೆಗೆಯುವುದು, ಹೊಲದ ಕೆಲಸ ಎಲ್ಲವನ್ನೂ ಹೆಂಗಸರೇ ಕಲಿತರು. ಬೈಬಲನ್ನು ಹೀಬ್ರೂ, ಗ್ರೀಕ್ ಮೂಲದಿಂದ ಮರಾಠಿಗೆ ತರುವ ಕೆಲಸಕ್ಕೆ ರಮಾಬಾಯಿ ತಾವೇ ಕೂತರು. ಅದನ್ನು ಅಚ್ಚು ಹಾಕಿದವರೂ ಆ ಹೆಂಗಸರೇ. 1910ರ ದಶಕದಲ್ಲಿ ಮನೋರಮೆ ನಿಜಾಮರ ಸೀಮೆಯ ಗುಲ್ಬರ್ಗಕ್ಕೆ ಹೋಗಿ ಶಾಲೆ ನಡೆಸಿದರು. ನಮ್ಮ ಕೂಟದ ಎಷ್ಟೋ ಜನರ ಊರಿಗೇ ಈ ಕಥೆ ಬಂದು ಮುಟ್ಟುತ್ತದೆ.

ರಮಾಬಾಯಿಯವರಿಗೆ ನಂಬಿಕೆ ಕೊಟ್ಟದ್ದು ಏನು? ನನ್ನ ಓದಿನಲ್ಲಿ ಅದು ಇಷ್ಟು: ತಮ್ಮನ್ನು ಬೇಡ ಎಂದವರ ಕೈಯಿಂದ ತೀರ್ಪು ಹೇಳುವ ಅಧಿಕಾರವನ್ನು ಅದು ಕಿತ್ತುಕೊಂಡಿತು. ಪುಣೆಯ ಪಂಡಿತರಾಗಲಿ, ಬಿಷಪ್ಪರಾಗಲಿ ತಮ್ಮ ಬೆಲೆ ಕಟ್ಟುವವರಲ್ಲ ಎಂದು ಗೊತ್ತಾದ ಮೇಲೆ ಅವರ ಜೊತೆ ವಾದಿಸಲು, ಅವರನ್ನು ಬಿಟ್ಟು ನಡೆಯಲು, ಇನ್ನೊಂದು ಕಡೆ ಮನೆ ಕಟ್ಟಲು ಧೈರ್ಯ ಬಂತು. ಮರೆವಿಗೆ ಅದರಲ್ಲಿ ಜಾಗವೇ ಇರಲಿಲ್ಲ. ತಂದೆಯ ಕಾಡಿನ ಮನೆಯನ್ನು, ಬರದಲ್ಲಿ ಹಸಿದು ಸತ್ತವರನ್ನು ಅವರು 1907ರ ತಮ್ಮ ಸಾಕ್ಷಿಯಲ್ಲಿ ಬಿಡಿಸಿ ಬಿಡಿಸಿ ಬರೆದರು.

ಸತ್ಯವೇದದಲ್ಲಿ ಕ್ಷಮೆಯಿಲ್ಲವೇ ಎಂದು ಕೇಳುವವರಿದ್ದಾರೆ. ಇದೆ. ಹೆಚ್ಚು ಬೋಧನೆಯಾಗುವ ಯೋಸೇಫನ ಕಥೆಯನ್ನೇ ತೆಗೆದುಕೊಳ್ಳೋಣ. ಅಣ್ಣಂದಿರು ಗುಂಡಿಗೆ ಹಾಕಿದರು, ಮಾರಿದರು, ಅವನು ಕ್ಷಮಿಸಿದ. ಬೋಧನೆ ಅಲ್ಲಿಗೆ ಮುಗಿಯುತ್ತದೆ. ನಡುವಿನ ಅಧ್ಯಾಯಗಳು ಏನಾದವು? ಧಾನ್ಯಕ್ಕೆ ಬಂದ ಅಣ್ಣಂದಿರನ್ನು ಯೋಸೇಫ ಗೂಢಚಾರರು ಎಂದು ಹಿಡಿಸಿದ, ಸಿಮೆಯೋನನನ್ನು ಒತ್ತೆ ಇಟ್ಟುಕೊಂಡ, ತಮ್ಮ ಬೆನ್ಯಾಮೀನನ ಚೀಲದಲ್ಲಿ ಬೆಳ್ಳಿಯ ಬಟ್ಟಲು ಇಡಿಸಿದ. ಹಿಂದೆ ಒಬ್ಬ ತಮ್ಮನನ್ನು ಮಾರಲು ಸಲಹೆ ಕೊಟ್ಟಿದ್ದ ಯೂದ ಈ ಸಲ ಇನ್ನೊಬ್ಬ ತಮ್ಮನ ಬದಲು ತಾನೇ ದಾಸನಾಗುತ್ತೇನೆ ಎಂದು ಮುಂದೆ ಬಂದ. ಯೋಸೇಫ ತಡೆಯಲಾರದೆ ಅತ್ತದ್ದು, ತಾನು ಯಾರೆಂದು ಹೇಳಿದ್ದು ಆಮೇಲೆ. ಮಾಡಿದವರು ಬದಲಾಗಿದ್ದಾರೋ ಇಲ್ಲವೋ ಎಂದು ಒರೆಗೆ ಹಚ್ಚಿ ನೋಡಿದ ಕ್ಷಮೆ ಅದು. ಗಂಡನ ಮನೆಯವರು ಒಂದು ಮಾತನ್ನೂ ಹಿಂದೆಗೆದುಕೊಳ್ಳದೆ ಇರುವಾಗ ಹುಡುಗಿಯನ್ನು ಯೋಸೇಫನ ಹೆಸರು ಹೇಳಿ ಮರಳಿ ಕಳಿಸುವುದು ಸತ್ಯವೇದವನ್ನು ಅರ್ಧ ಓದಿದಂತೆ.

ಹಾಗರಳ ಕಥೆಯಲ್ಲೂ ಇದೇ ಮೋಸ. ಆದಿಕಾಂಡದ 16ನೆಯ ಅಧ್ಯಾಯದಲ್ಲಿ ಓಡಿಹೋದ ದಾಸಿಗೆ ದೇವದೂತ ಯಜಮಾನಿಯ ಬಳಿಗೆ ಹಿಂದಿರುಗು ಎನ್ನುತ್ತಾನೆ. ಸಂಸಾರದ ಸಲಹೆ ಕೊಡುವವರಿಗೆ ಈ ಅಧ್ಯಾಯ ಬಾಯಿಪಾಠ. 21ನೆಯದು ಮರೆತುಹೋಗುತ್ತದೆ. ಅಲ್ಲಿ ಅವಳನ್ನು ಮಗನ ಸಮೇತ ಹೊರಗೆ ಹಾಕಿದ ಮೇಲೆ ಯಾರೂ ಮರಳಿ ಹೋಗು ಎನ್ನುವುದಿಲ್ಲ. ಮರುಭೂಮಿಯಲ್ಲೇ ಬಾವಿ ಕಾಣುತ್ತದೆ, ಹುಡುಗ ಬಿಲ್ಲುಗಾರನಾಗಿ ಬೆಳೆಯುತ್ತಾನೆ, ತಾಯಿ ತನ್ನ ಐಗುಪ್ತ ದೇಶದಿಂದಲೇ ಸೊಸೆಯನ್ನು ತರುತ್ತಾಳೆ. ಯೇಸುಸ್ವಾಮಿಯನ್ನು ನಜರೇತಿನ ಜನ ಬೆಟ್ಟದ ಅಂಚಿಗೆ ನೂಕಿಕೊಂಡು ಹೋದಾಗ ಅವರು ಜನರ ನಡುವೆಯೇ ಹಾದು ಹೊರಟುಹೋದರು. ಕೆಲಸಕ್ಕೆ ಕಪೆರ್ನೌಮನ್ನು ಆರಿಸಿಕೊಂಡರು. ಸೇರಿಸಿಕೊಳ್ಳದ ಊರಿನ ಧೂಳನ್ನು ಕಾಲಿನಿಂದ ಝಾಡಿಸಿ ನಡೆಯಿರಿ ಎಂದು ಶಿಷ್ಯರಿಗೆ ಹೇಳಿದ್ದೂ ಅವರೇ. ಯೋಬನ ಪುಸ್ತಕದ ಕೊನೆಯಲ್ಲಿ ದೇವರಿಗೆ ಸಿಟ್ಟು ಬಂದದ್ದು ದೇವರ ಮೇಲೆಯೇ ದೂರು ಹೇಳಿದ ಯೋಬನ ಮೇಲಲ್ಲ. ಸುಮ್ಮನಿರು, ತಪ್ಪು ನಿನ್ನದೇ ಎಂದು ಬುದ್ಧಿ ಹೇಳಲು ಬಂದ ಗೆಳೆಯರ ಮೇಲೆ. ನಮ್ಮ ಸಾಕ್ಷಿಗಳಲ್ಲಿ ದೂರಿಗೆ ಜಾಗವಿಲ್ಲ. ಗೆಲುವಿನಲ್ಲಿ ಮುಗಿಯದ ಸಾಕ್ಷಿ ಹೇಳಲು ನಮ್ಮವರು ಹೆದರುತ್ತಾರೆ. ಆದರೆ 88ನೆಯ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಅದೂ ದೇವರ ವಾಕ್ಯವೇ.

ನಾನು ಸಮಾಧಾನವೇ ಬೇಡ ಎನ್ನುತ್ತಿಲ್ಲ. ರಾತ್ರಿ ನಿದ್ದೆ ಬಾರದೆ ಅಳುವವರ ಪಕ್ಕದಲ್ಲಿ ಕೂರುವವರು ಬೇಕು, ಹಾಡು ಬೇಕು. ರಮಾಬಾಯಿಯವರೇ ಹೇಳಿಕೊಂಡಿದ್ದಾರೆ: ದೀಕ್ಷಾಸ್ನಾನವಾಗಿ ಎಂಟು ವರ್ಷಗಳ ಮೇಲೆ, 1891ರ ಹೊತ್ತಿಗೆ, ತಮಗೆ ಸಿಕ್ಕಿದ್ದು ಕ್ರೈಸ್ತ ಧರ್ಮ, ಕ್ರಿಸ್ತನಲ್ಲ ಎಂದು ಅವರಿಗೆ ಅನ್ನಿಸಿತು, ಆಮೇಲೆ ಮನಸ್ಸಿಗೆ ಶಾಂತಿ ಬಂತು. ಸಮಾಧಾನದ ಪಕ್ಷದವರು ಇದನ್ನು ಎತ್ತಿ ತೋರಿಸುತ್ತಾರೆ. ತೋರಿಸಲಿ. ಆದರೆ ಶಾಂತಿ ಬಂದ ಎರಡೇ ವರ್ಷಕ್ಕೆ ಅವರು ಪುಣೆಯ ದೊಡ್ಡವರೆಲ್ಲರ ಎದುರು ನಿಂತರು ಎಂಬ ಲೆಕ್ಕವನ್ನೂ ತೋರಿಸಲಿ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿ. ರಮಾಬಾಯಿಗೆ ಬ್ರಾಹ್ಮಣ ಹುಟ್ಟಿನ ವಿದ್ಯೆ ಇತ್ತು, ಇಂಗ್ಲೆಂಡಿನ ಗೆಳತಿಯರಿದ್ದರು, ಅಮೆರಿಕದ ಬಾಸ್ಟನ್ನಿನ ಬೆಂಬಲಿಗರ ಸಂಘ ದುಡ್ಡು ಕಳಿಸುತ್ತಿತ್ತು. ಧನಕವಡಿಯ ಹತ್ತು ಅಡಿಯ ಖೋಲಿಯಲ್ಲಿ, ನಾಲ್ಕು ಮನೆಯ ಪಾತ್ರೆ ತಿಕ್ಕುವವಳಿಗೆ ಇವರ ಮಾದರಿ ಹೇಗೆ ಆದೀತು? ಈ ಆಕ್ಷೇಪವನ್ನು ತಳ್ಳಿಹಾಕಲಾಗದು. ನನ್ನ ಉತ್ತರವಿಷ್ಟೇ: ಆ ಹೆಂಗಸು ರಮಾಬಾಯಿಯಾಗಬೇಕಿಲ್ಲ. ಅವಳು ಬರಗಾಲದಿಂದ ಬರಿಗೈಯಲ್ಲಿ ಬಂದು ಅಚ್ಚುಮೊಳೆ ಜೋಡಿಸಲು ಕಲಿತ ಹುಡುಗಿಯರ ಸಾಲಿನವಳು. ಮುಕ್ತಿಯ ಜಾಗದಲ್ಲಿ ನಿಲ್ಲಬೇಕಾದದ್ದು ಸಭೆ. ಹಸಿದ ಮಗುವಿಗೆ ಅನ್ನದ ಜೊತೆಗೆ ಧರ್ಮವನ್ನೂ ಬಡಿಸಿದ ಮುಕ್ತಿಯ ರೀತಿಯನ್ನು ನಾನು ಒಪ್ಪುವುದಿಲ್ಲ. ಒಪ್ಪಿಗೆ ಕೊಡುವ ಸ್ಥಿತಿಯಲ್ಲಿ ಆ ಮಗು ಇತ್ತೇ ಎಂಬ ಪ್ರಶ್ನೆ ಉಳಿಯುತ್ತದೆ. ಆದರೆ ಬರೀ ದೇವರ ಮಾತಿಗೆ ನಿಲ್ಲದೆ ಹಾಸಿಗೆ, ಕಸುಬು, ಕೂಲಿ ಇವು ಮೂರನ್ನೂ ಕೊಟ್ಟ ಅವರ ಕ್ರಮದಿಂದ ನಾವು ಕಲಿಯಬೇಕಾದದ್ದಿದೆ. ನಮ್ಮ ಕಾಣಿಕೆ ಚೀಲದ ದುಡ್ಡು ಧ್ವನಿವರ್ಧಕಕ್ಕೆ, ಸ್ವಾಗತದ ಹಾರಕ್ಕೆ ಹೋಗುತ್ತದೆ. ಹೊರಬಿದ್ದವಳಿಗೆ ಎರಡು ತಿಂಗಳ ಬಾಡಿಗೆ, ಡಿಪಾಜಿಟ್ಟು, ಒಬ್ಬ ವಕೀಲರ ಫೀ ಕೊಡಲು ಅದೇ ಚೀಲ ಸಾಕಾಗಿತ್ತು.

ತಿರಸ್ಕಾರ ಒಬ್ಬೊಬ್ಬರ ಮನೆಯ ವಿಷಯವಷ್ಟೇ ಆಗಿದ್ದರೆ ಇಲ್ಲಿಗೆ ನಿಲ್ಲಿಸಬಹುದಿತ್ತು. ನಮ್ಮ ಕೂಟಗಳಿಗೆ ಬರುವವರಲ್ಲಿ ಹೆಚ್ಚಿನವರು ದಲಿತರು. 1950ರ ಆಗಸ್ಟ್ 10ರ ರಾಷ್ಟ್ರಪತಿಗಳ ಆದೇಶ ಪರಿಶಿಷ್ಟ ಜಾತಿಯ ಪಟ್ಟಿಯನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು, ಕ್ರೈಸ್ತರಾದ ದಲಿತರು ಹೊರಗೇ ಉಳಿದರು. ಮನೆ ಬಾಡಿಗೆಗೆ ಕೊಡದವನು ಮತಾಂತರ ನೋಡುವುದಿಲ್ಲ, ಜಾತಿಯನ್ನೇ ನೋಡುತ್ತಾನೆ. ಕಾಗದ ಮಾತ್ರ ಕ್ರೈಸ್ತನಾದ ದಲಿತನಿಗೆ ಜಾತಿ ಇಲ್ಲ ಎನ್ನುತ್ತದೆ. ಸಭೆಗಳ ಒಳಗೂ ಮದುವೆ ಸಂಬಂಧದ ಮಾತು ಬಂದಾಗ ಜಾತಿ ಎದ್ದು ಕೂರುತ್ತದೆ ಎಂಬುದು ನಮಗೆಲ್ಲ ಗೊತ್ತು. ಈ ಆದೇಶವನ್ನು ಪ್ರಶ್ನಿಸಿ 2004ರಿಂದ ಸುಪ್ರೀಂ ಕೋರ್ಟಿನಲ್ಲಿ ಅರ್ಜಿಗಳಿವೆ. 2022ರಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಆಯೋಗ ನೇಮಕವಾಯಿತು. ಮರೆತುಬಿಡುವುದೇ ಭಕ್ತಿಯಾಗಿದ್ದರೆ ಈ ಅರ್ಜಿಗಳನ್ನು ಹಾಕಿದವರು ಭಕ್ತಿ ಕಡಿಮೆಯಾದವರು ಎನ್ನಬೇಕಾಗುತ್ತದೆ. ಅವರ ಭಕ್ತಿಯನ್ನು ಅಳೆಯುವ ಯೋಗ್ಯತೆ ನಮಗಿಲ್ಲ. ದೇಶದ ಎಷ್ಟೋ ಸಭೆಗಳು ಆಗಸ್ಟ್ 10ನ್ನು ಕರಾಳ ದಿನವೆಂದು ಆಚರಿಸುತ್ತವೆ. ಧನಕವಡಿಯ ಕೂಟಗಳೂ ಅಂದು ಕೂಡಬೇಕು, ಪ್ರಾರ್ಥನೆ ಮುಗಿದ ಮೇಲೆ ಆ ಆದೇಶವನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಬೇಕು, ಮೊಕದ್ದಮೆಯ ಖರ್ಚಿಗೆ ಕಾಣಿಕೆ ಎತ್ತಬೇಕು.